ಕರ್ನಲರ ಬರಿಗಾಲಿನ ಫೋಟೋ

ಜೂನ್ ೯, ಸೋಮವಾರ.

ಕರ್ನಲ್ ಮೇದಪ್ಪನವರ ಕತೆಯನ್ನು ನನಗೆ ಮೊದಲು ಹೇಳಿದ್ದು ಸಲಾಂ ಬ್ಯಾರಿ, ಹತ್ತು ವರ್ಷದ ಹಿಂದೆ. ಕಲ್ಲುಗುಂಡಿಯ ಗದ್ದೆಯಲ್ಲಿ ತಂಡಕ್ಕೆ ಏಳೇ ಜನರ ಸೆವೆನ್ಸ್ ಫುಟ್‌ಬಾಲ್ ಆಡಿದ ಹುಡುಗ ಸೈನ್ಯ ಸೇರಿ ಕರ್ನಲ್ ಆದ, ನಿವೃತ್ತನಾಗಿ ದೇಶದ ಫುಟ್‌ಬಾಲ್ ಸಂಸ್ಥೆಗೇ ಕಾರ್ಯದರ್ಶಿಯಾದ. ಊರಿನ ಕ್ಲಬ್ಬಿನ ಕೋಚ್ ಆಗಿ ಇದನ್ನು ಎಷ್ಟು ಮಕ್ಕಳಿಗೆ ಹೇಳಿ ಹುರಿದುಂಬಿಸಿದ್ದೇನೆ!

ಈಗ ಅವರದೇ ಸಹಿಯ ಆದೇಶ ಬಂದಿದೆ: ಅನುಮತಿಯಿಲ್ಲದ ಸೆವೆನ್ಸ್ ಆಡಿದವರಿಗೆ ರಾಜ್ಯ ತಂಡದಲ್ಲಿ ಜಾಗವಿಲ್ಲ. ಬ್ಯಾರಿಯವರ ಮೊಮ್ಮಗಳು ಆಫ್ರಾಳ ಹೆಸರು ಪಟ್ಟಿಯಿಂದ ಹೋಯಿತು. ಹನ್ನೊಂದು ಜನ ಆಡುವಷ್ಟು ಸಮತಟ್ಟು ನೆಲ ಈ ಊರಿನಲ್ಲಿ ಎಲ್ಲಿದೆ?

ನಿನ್ನೆ ಅವಳ ಸಮಾಧಾನಕ್ಕೆಂದು ಮತ್ತೆ ಅದೇ ಕತೆ ಹೇಳಿದೆ. ನನ್ನ ಬುದ್ಧಿಗಿಷ್ಟು!

"ಅವರು ಆಡಿದ್ದು ಯಾರ ಪರ್ಮಿಶನ್ ತೆಗೊಂಡು ಅಜ್ಜ?" ಎಂದಳು ನನ್ನನ್ನೂ ಅಜ್ಜ ಎನ್ನುವ ಆಫ್ರಾ.

ಇವತ್ತು ಬೆಳಿಗ್ಗೆ ತಂಡದ ಹುಡುಗಿಯರು ಕ್ಲಬ್ಬಿನ ಗೋಡೆಯಿಂದ, ಗದ್ದೆಯಲ್ಲಿ ಸೆವೆನ್ಸ್ ಆಡುತ್ತಿದ್ದ ಕಾಲದ ಕರ್ನಲರ ಬರಿಗಾಲಿನ ಫೋಟೋ ಇಳಿಸಿ, ಅವರ ಹೆಸರಿಗೇ ಸ್ಪೀಡ್ ಪೋಸ್ಟ್ ಮಾಡಿದರು. ಫೋಟೋದ ಹಿಂಬದಿಯಲ್ಲಿ ಒಂದೇ ಸಾಲು ಬರೆದಿದ್ದರು: "ಇವರೂ ಆಡಿದ್ದಾರೆ ಸರ್."