ನೀನು ಕೂಗಬೇಕಿದ್ದ ಪದಗಳು

ಬನ್ನಿರಿ ಮಹಾಜನರೇ, ಕಲ್ಯಾಣದಿಂದ ತುರ್ಭೆಯವರೆಗಿನ ಮುಂಬಯಿ ಸೀಮೆಯ ಸಮಸ್ತ ಸಭಿಕರೇ! ರ‍್ಯಾಪ್ ಹಾಡುತ್ತಲೇ ತಲೆ ನರೆತ ನಮ್ಮ ತಂಡದ ಹೊಸ ಆಲ್ಬಮ್ ಸಿದ್ಧವಾಗುತ್ತಿದೆ!

ರಿತೇಶಾ, ಸಭೆಯನ್ನೇನೋ ನಾನು ಕರೆದೆ, ಹೇಳುವುದು ನಿನಗೊಬ್ಬನಿಗೆ. ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಮೈಕಿನ ಮುಂದೆ ನಿಂತೆ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಹೊಗೆ, ಅಲ್ಲಿ ದುಡಿದ ನಿನ್ನಪ್ಪನ ಕೆಮ್ಮು, ಎಲ್ಲವನ್ನೂ ನಾಟಕದ ಭೀಮನಂತೆ ಗುಡುಗಿದೆ. ಹಾಡು ಮುಗಿದಾಗ ರೆಕಾರ್ಡಿಂಗ್ ಮಾಡುವ ನಿಶ್ಮಿತಾ ಗಾಜಿನಾಚೆಯಿಂದ ಕೇಳಿದಳು: "ದಾದಾ, ಪ್ರತಿ ಲೈನಿನ ಕೊನೇ ಶಬ್ದ ಯಾಕೆ ಬಿಡುದು ಮಾರಾಯ್ರೆ? ದಮ್ ಸಾಕಾಗುದಿಲ್ವಾ?"

ಬಿಟ್ಟದ್ದು ನನಗೇ ಗೊತ್ತಾಗಿರಲಿಲ್ಲ. ವೇದಿಕೆಯಲ್ಲಿ ಆ ಪದವನ್ನು ಯಾವಾಗಲೂ ನೀನು ಕೂಗುತ್ತಿದ್ದೆ. ಅಷ್ಟರಲ್ಲಿ ನಾನು ಉಸಿರೆಳೆದುಕೊಳ್ಳುತ್ತಿದ್ದೆ.

"ವಯಸ್ಸಾಯ್ತಲ್ಲ ತಂಗೀ," ಎಂದು ನಕ್ಕೆ.

"ಹಾಗಾದ್ರೆ ನಾಳೆ ಬಂದು ತುಂಬಿಸಿ. ಇಲ್ಲದಿದ್ರೆ ಬೇರೆಯವರತ್ರ ಹೇಳಿಸ್ತೇನೆ."

ನೀನು ಆಸ್ಪತ್ರೆಯಿಂದ ಮಾಡಿದ, ನಾನು ತೆಗೆಯದೇ ಬಿಟ್ಟ ಫೋನುಗಳ ವಿಷಯ ಅವಳಿಗೆ ಹೇಳಲಿಲ್ಲ. ನಿನ್ನ ಹತ್ತಿರವೂ ಆ ಮಾತು ಎತ್ತಲಾರೆ.

ನಿನ್ನ ಜಾಗದಲ್ಲಿ ಬೇರೆ ಗಂಟಲು ಬೇಡ. ಉಸಿರು ಎಲ್ಲಿ ಎಳೆದುಕೊಳ್ಳಬೇಕೋ ನನಗೆ ತಿಳಿಯದು. ಆದರೂ ನಾಳೆ ಬೆಳಿಗ್ಗೆ ತುರ್ಭೆಯ ಸ್ಟುಡಿಯೋಗೆ ಹೋಗಿ, ನಿನ್ನ ಪದಗಳನ್ನೂ ನಾನೇ ಕೂಗುತ್ತೇನೆ.