ದೀಪ ನೆಟ್ಟಗಿತ್ತು, ಉಸಿರು ಸಿಗಲಿಲ್ಲ

ಕೆಳವೂರು, ಮೂರನೇ ಗೊಂದಿ
ಇಸವಿ ೨೩೪೧, ಆಷಾಢದ ಮೂವತ್ತೇಳನೆಯ ದಿನ

ಮೂವತ್ತೇಳನೆಯ ದಿನ ಎಂದು ಓದಿ ನಗಬೇಡಿ. ನಮಗಿಲ್ಲಿ ಚಂದ್ರ ಕಾಣುವುದಿಲ್ಲ. ಮೇಲಿನಿಂದ ರಾಗಿ ಇಳಿದು ಬಂದ ದಿನ ತಿಂಗಳು ಮುಗಿಯುತ್ತದೆ. ರಾಗಿ ತಡವಾದರೆ ಆಷಾಢವೂ ಉದ್ದವಾಗುತ್ತದೆ, ಹೊಸ ಸೊಸೆಯಂದಿರು ಇನ್ನಷ್ಟು ದಿನ ತವರಿನಲ್ಲಿರುತ್ತಾರೆ, ಅಷ್ಟೇ.

ಬಯಲಿನಲ್ಲಿ ಬದುಕುತ್ತಿರುವ ಹಿರಿಯರಿಗೆ ಮುನಿವೆಂಕಟಮ್ಮ ಮಾಡುವ ನಮಸ್ಕಾರ. ಹಿರಿಯರು ಎಂದೆ. ನೀವು ನನಗಿಂತ ಮುನ್ನೂರು ವರ್ಷ ಮೊದಲಿನವರು. ಆದರೆ ಇದನ್ನು ಓದುವಾಗ ನಿಮ್ಮಲ್ಲಿ ಅರ್ಧ ಜನ ನನ್ನ ಮೊಮ್ಮಗಳ ವಯಸ್ಸಿನವರಿರುತ್ತೀರಿ. ಕಾಲಿಗೆ ಬೀಳಬೇಕೋ ಕಿವಿ ಹಿಂಡಬೇಕೋ ತಿಳಿಯದೆ ಬರೆಯುತ್ತಿದ್ದೇನೆ. ನಾನು ಪಾಠದ ಮನೆಗೆ ಹೋದದ್ದು ಸ್ವಲ್ಪವೇ ಕಾಲ. ಅಕ್ಷರ ಸೊಟ್ಟಗಿದ್ದರೆ, ಮಾತು ವಿಚಿತ್ರವಾಗಿ ಕೇಳಿದರೆ ಮನ್ನಿಸಿ. ಕಾಲ ಹಿಂದಕ್ಕೆ ಹರಿಯುವುದಿಲ್ಲ, ಈ ಕಾಗದ ಯಾರನ್ನೂ ತಲುಪುವುದಿಲ್ಲ ಎಂದು ನಮ್ಮೂರಿನ ಬುದ್ಧಿವಂತರು ಹೇಳುತ್ತಾರೆ. ಅದೇ ಬುದ್ಧಿವಂತರು ಈ ತಿಂಗಳಲ್ಲಿ ಹೇಳಿದ ಇನ್ನೊಂದು ಮಾತು ಸುಳ್ಳಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ.

ನಮ್ಮ ಊರಿರುವುದು ಕೋಲಾರದ ಹಳೆಯ ಚಿನ್ನದ ಗಣಿಯೊಳಗೆ. ಮೇಲಿನ ಬಿಸಿಲು ಮನುಷ್ಯರನ್ನು ಕಡಲೆಯ ಹಾಗೆ ಹುರಿಯತೊಡಗಿದಾಗ ನಮ್ಮ ಮುತ್ತಜ್ಜಿಯ ಮುತ್ತಜ್ಜಿಯರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಇಲ್ಲಿಗೆ ಇಳಿದರಂತೆ. ಸುರಂಗದ ಒಂದೊಂದು ಸಾಲನ್ನೂ ಗೊಂದಿ ಎನ್ನುತ್ತೇವೆ. ಬಂಡೆ ಕೊರೆದು ಮನೆ ಮಾಡಿಕೊಂಡಿದ್ದೇವೆ. ಅಣಬೆಯ ಸಾರು, ಮೊಳಕೆ ಹುರುಳಿ, ಮುದ್ದೆ ಉಣ್ಣುತ್ತೇವೆ. ಗೋಡೆಯಲ್ಲಿ ಈಗಲೂ ಅಲ್ಲಲ್ಲಿ ಚಿನ್ನ ಮಿನುಗುತ್ತದೆ, ಮಕ್ಕಳು ಅದಕ್ಕೆ ಮೂಗು ಒರೆಸುತ್ತಾರೆ. ನಮ್ಮ ಜೀವವೆಲ್ಲ ಗಾಳಿಯಲ್ಲಿದೆ. ಅದು ಮೇಲಿನಿಂದ ಕೊಳವೆಗಳಲ್ಲಿ ಇಳಿದು ಬರಬೇಕು. ಕೊಳವೆಗಳನ್ನು ನೋಡಿಕೊಳ್ಳುವವರು ಗಾಳಿಯಾಳುಗಳು, ಅವರ ಯಜಮಾನ ತಿಮ್ಮರಾಯಪ್ಪ.

ಪ್ರತಿ ಮನೆಯಲ್ಲೂ ನೆಲದಿಂದ ಒಂದು ಗೇಣು ಮೇಲೆ ದೀಪದ ಗೂಡಿದೆ. ಕೆಟ್ಟ ಗಾಳಿ ಭಾರ, ನೀರಿನಂತೆ ನೆಲ ಹಿಡಿದು ತುಂಬುತ್ತದೆ. ದೀಪ ನೆಟ್ಟಗಿದ್ದರೆ ಗಾಳಿ ಚೆನ್ನಾಗಿದೆ, ಕುಗ್ಗಿದರೆ ಕೆಟ್ಟಿದೆ. ತೊಟ್ಟಿಲನ್ನು ನಾವು ಸೂರಿಗೆ ತಗಲುವಷ್ಟು ಎತ್ತರಕ್ಕೆ ಕಟ್ಟುವುದು ಅದಕ್ಕೇ. ದೀಪದ ಪಕ್ಕದಲ್ಲಿ ಒಂದು ಹಗ್ಗ ಇಳಿಬಿದ್ದಿರುತ್ತದೆ. ಎಳೆದರೆ ಗೊಂದಿಯ ಗಂಟೆ ಹೊಡೆದುಕೊಳ್ಳುತ್ತದೆ. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ, ಮೀಯುತ್ತಿದ್ದವರು ಒದ್ದೆ ಮೈಯಲ್ಲೇ ಒಲೆ ಆರಿಸಿ ಹೊರಗೆ ಓಡಬೇಕು. ‘ಉಸಿರು ಸಿಗುತ್ತಿಲ್ಲ’ ಎಂಬ ಮಾತನ್ನು ನಮ್ಮಲ್ಲಿ ತಮಾಷೆಗೂ ಆಡುವುದಿಲ್ಲ. ಗಾಳಿ ಸರಿಯಿದ್ದೂ ಗಂಟೆ ಎಳೆದರೆ ಅದಕ್ಕೆ ಸುಳ್ಳುಗಂಟೆ ಎಂದು ಹೆಸರು. ಮೂರು ಸುಳ್ಳುಗಂಟೆಯಾದ ಮನೆಯ ಹಗ್ಗವನ್ನು ಕತ್ತರಿಸುತ್ತಾರೆ. ಆಮೇಲೆ ಆ ಮನೆಯಲ್ಲಿ ದೀಪ ನಂದಿದರೂ ಊರಿಗೆ ಗೊತ್ತಾಗುವುದಿಲ್ಲ.

ಈ ಕಾಗದವನ್ನು ನಾನು ಬರೆಯುತ್ತಿರುವುದು ಹಗ್ಗವಿಲ್ಲದ ಮನೆಯಿಂದ.

ನನ್ನ ಮಗಳ ಮಗಳು ಗಂಗರತ್ನ ಚೊಚ್ಚಲ ಬಾಣಂತಿ. ಕೂಸಿಗೆ ನಾಲ್ಕು ತಿಂಗಳು. ಗಂಡ ಮೇಲೆ ರಾಗಿ ಹೊಲ ಕಾಯುತ್ತಾನೆ, ರಾಗಿಯ ಜೊತೆಗೇ ಇಳಿಯುತ್ತಾನೆ. ಮನೆಯಲ್ಲಿ ನಾನು, ಅವಳು, ಕೂಸು. ಒಂದು ಮಧ್ಯಾಹ್ನ ಮುದ್ದೆ ಕಟ್ಟುತ್ತಿದ್ದವಳು ಎದೆ ಹಿಡಿದುಕೊಂಡು ಕುಕ್ಕರಿಸಿದಳು. “ಅಜ್ಜೀ, ಉಸ್ರು ಸಿಕ್ತಿಲ್ಲ ಕಣಜ್ಜೀ. ಎದೇಲಿ ದಬ್ಬಳ ಚುಚ್ದಂಗಾಗ್ತದೆ. ಸತ್ತೋಗ್ತೀನಿ,” ಎಂದಳು. ಮುಖ ಬಿಳಿಚಿತ್ತು, ಬೆರಳು ಸೆಟೆದಿದ್ದವು, ತುಟಿ ಜೋಮು ಹಿಡಿದಂತೆ ತೊದಲುತ್ತಿದ್ದಳು. ನಾನು ದೀಪ ನೋಡಿದೆ. ನೆಟ್ಟಗಿತ್ತು. ದೀಪವನ್ನು ನಂಬಲೋ ನನ್ನ ರಕ್ತವನ್ನು ನಂಬಲೋ? ಹಗ್ಗ ಎಳೆದೆ.

ಗೊಂದಿಗೆ ಗೊಂದಿಯೇ ಹೊರಗೆ ಬಂತು. ಪಕ್ಕದ ಮನೆಯ ಚಿಕ್ಕಪಾಪಮ್ಮ ಹಿಟ್ಟಿನ ಕೈ ಆಡಿಸುತ್ತಾ ಬಂದಳು. ನಮ್ಮಿಬ್ಬರಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಗಾಳಿಯಾಳುಗಳು ಮೂಲೆ ಮೂಲೆಗೂ ದೀಪ ಹಿಡಿದು ನೋಡಿ, ಗಾಳಿ ಸರಿಯಿದೆ, ಸುಳ್ಳುಗಂಟೆ ಎಂದರು. ನಾನು ಬಿಡುತ್ತೇನೆಯೇ? “ಬೆಂಕಿ ಇಲ್ದೆ ಹೊಗೆ ಆಡ್ತದೇನೋ ತಿಮ್ಮರಾಯಾ? ಗೋಡೆ ಹಿಂದೆ ಕೆಟ್ಟ ಗಾಳಿ ಕುಂತೈತೆ, ಒಡಿಸು!” ಎಂದು ಅವನ ವಂಶವನ್ನೆಲ್ಲ ಜಾಲಾಡಿದೆ. ಅವನು ಬೇಸತ್ತು, ನಮಗೂ ಚಿಕ್ಕಪಾಪಮ್ಮನಿಗೂ ನಡುವಿನ ಗೋಡೆಯನ್ನು ಒಡೆಸಿದ. ಅಲ್ಲಿ ಕೆಟ್ಟ ಗಾಳಿ ಇರಲಿಲ್ಲ. ಒಂದು ಇಲಿ ಸಂಸಾರವಿತ್ತು, ಅದು ಚೆನ್ನಾಗಿಯೇ ಉಸಿರಾಡುತ್ತಿತ್ತು. “ನಿನ್ನ ಮೊಮ್ಮಗಳ ನಾಟ್ಕಕ್ಕೆ ನನ್ನ ಅಡ್ಗೆಮನೆ ಬಯಲಾಯ್ತಲ್ಲೇ, ಮೂದೇವಿ!” ಎಂದು ಆ ತೂತಿನಿಂದಲೇ ಚಿಕ್ಕಪಾಪಮ್ಮ ಬೈದಳು. ಹೋಗುವಾಗ ಗಾಳಿಯಾಳುಗಳು ಆ ತೂತಿಗೆ ಸಡಿಲ ಕಲ್ಲು ತುರುಕಿ ಹೋದರು.

ವಾರದೊಳಗೆ ಅವಳಿಗೆ ಮತ್ತೆ ಹಾಗೆಯೇ ಆಯಿತು. ಮತ್ತೆ ಎಳೆದೆ. ಎರಡನೇ ಸುಳ್ಳುಗಂಟೆ.

ಆಗ ಡಾಕ್ಟರಮ್ಮ ಅರ್ಪುದಮೇರಿ ಬಂದಳು. ಅವಳ ಬಳಿ ಮೈನೋಡಿ ಎಂಬ ಯಂತ್ರವಿದೆ. ಅದು ಚರ್ಮ ಕೊಯ್ಯದೆಯೇ ಒಳಗಿನದನ್ನೆಲ್ಲ ತೋರಿಸುತ್ತದೆ. ರಕ್ತ ನೋಡಿದಳು, ಗುಂಡಿಗೆ ನೋಡಿದಳು, ಶ್ವಾಸಕೋಶ ನೋಡಿದಳು, ಬಾಣಂತಿಯರಿಗೆ ರಕ್ತ ಹೆಪ್ಪುಗಟ್ಟುವುದುಂಟೆಂದು ಕಾಲನ್ನೂ ನೋಡಿದಳು. ಎಲ್ಲವೂ ಸರಿಯಿತ್ತು. ನಿನ್ನ ಯಂತ್ರಕ್ಕೆ ಪೊರೆ ಬಂದಿದೆ ಎಂದೆ ನಾನು. ಗಾಳಿಯಾಳುಗಳ ಗಾಳಿಯೂ ಬೇಡ, ಇವರ ದೀಪವೂ ಬೇಡ, ಆಕಾಶದ ಕೆಳಗೇ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಉಸಿರಾಡಿ ತೋರಿಸುತ್ತಾಳೆ ಎಂದು ಹಟ ಹಿಡಿದೆ. ಕೂಸನ್ನು ಕೆಳಗೆ ಗಾಳಿಯಾಳಿನ ಹೆಂಡತಿಯ ಕೈಗೆ ಕೊಟ್ಟೆವು. ಬಿಸಿಲು ಏರುವ ಮೊದಲು ಗಂಗರತ್ನಳನ್ನು ಏರುಗೂಡಿನಲ್ಲಿ, ಅಂದರೆ ನಿಮ್ಮ ಲಿಫ್ಟಿನಂಥದ್ದರಲ್ಲಿ, ಮೇಲಕ್ಕೆ ಕರೆದೊಯ್ದೆವು. ಡಾಕ್ಟರಮ್ಮನೂ ಜೊತೆಗೆ ಬಂದಳು.

ಗಣಿಯ ಬಾಯಿಂದ ಹೊರಗೆ ಕಾಲಿಟ್ಟೆವು. ಅಷ್ಟು ದೊಡ್ಡ ಆಕಾಶ. ಸೆರಗು ಕಿತ್ತುಕೊಂಡು ಹೋಗುವಂಥ ಗಾಳಿ. ಇಷ್ಟು ಗಾಳಿ ಯಾರಪ್ಪನದೂ ಅಲ್ಲದೆ ಸುಮ್ಮನೆ ಹರಿದು ಹೋಗುತ್ತಿದೆಯಲ್ಲ ಎಂದು ನಾನು ನೋಡುತ್ತಿದ್ದಂತೆ ಪಕ್ಕದಲ್ಲಿ ನನ್ನ ಮೊಮ್ಮಗಳು ಕುಸಿದಳು. ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಒಂದು ಗುಟುಕೂ ಒಳಗೆ ಹೋಗದವಳಂತೆ ಒದ್ದಾಡುತ್ತಾಳೆ. ಗಣಿಯ ಬಾಯಿ ಕಾಯುವವನು ಗಾಬರಿಯಲ್ಲಿ ಅಲ್ಲಿದ್ದ ಗಂಟೆ ಎಳೆದುಬಿಟ್ಟ. ಆಕಾಶದ ಕೆಳಗೆ ಉಸಿರು ಸಿಗಲಿಲ್ಲ ಎಂದು ಬಾರಿಸಿದ ಗಂಟೆ ನಮ್ಮ ಊರು ಹುಟ್ಟಿದ ಮೇಲೆ ಅದೊಂದೇ. ಮೂರನೇ ಸುಳ್ಳುಗಂಟೆಯಾಗಿ ಅದೂ ನಮ್ಮ ತಲೆಗೇ ಬಿತ್ತು. ಆದರೆ ಆಗ ನನಗೆ ಹಗ್ಗದ ನೆನಪೂ ಇರಲಿಲ್ಲ. ಗೋಡೆ ಒಡೆಸಿದೆ, ಕಂಡವರನ್ನೆಲ್ಲ ಬೈದೆ. ಇನ್ನು ಯಾವ ಗೋಡೆ ಒಡೆಸಲಿ? ಯಾರನ್ನು ಬೈಯಲಿ?

ಡಾಕ್ಟರಮ್ಮ ನೆಲದ ಮೇಲೆ ಅವಳ ಎದುರಿಗೆ ಕುಳಿತಳು. “ಒಳಕ್ಕೆ ಎಳ್ಕೊಬೇಡ ಕಣಮ್ಮಾ, ಹೊರಕ್ಕೆ ಬಿಡು. ಬಿಸಿ ಸಾರು ಆರಿಸ್ತೀಯಲ್ಲ, ಹಂಗೆ, ನಿಧಾನಕ್ಕೆ,” ಎಂದು ತಾನೂ ಊದುತ್ತಾ ಕುಳಿತಳು. ಬಹಳ ಹೊತ್ತಿನ ಮೇಲೆ ಗಂಗರತ್ನಳ ಬೆರಳು ಸಡಿಲವಾದವು. ಆಗ ಡಾಕ್ಟರಮ್ಮ ಒಂದೇ ಮಾತು ಕೇಳಿದಳು: “ಈಗ ಕೂಸು ಎಲ್ಲೈತೆ?”

ಗಂಗರತ್ನ ಗೊಳೋ ಎಂದು ಅತ್ತಳು. “ಕೆಳಗೈತೆ. ದೀಪ ಯಾರ್ ನೋಡ್ತಾವ್ರೆ ಡಾಕ್ಟರಮ್ಮಾ? ನಾನು ಇಲ್ಲಿದ್ರೆ ದೀಪ ಯಾರ್ ನೋಡ್ತಾರೆ?”

ಹೆತ್ತಂದಿನಿಂದ ಅವಳು ಸರಿಯಾಗಿ ಕಣ್ಣು ಮುಚ್ಚಿಲ್ಲವಂತೆ. ಮುಚ್ಚಿದರೆ ದೀಪ ಕುಗ್ಗಿದಂತೆ, ಕೆಟ್ಟ ಗಾಳಿ ನೆಲದಿಂದ ತೊಟ್ಟಿಲಿನವರೆಗೆ ಏರಿದಂತೆ ಕಾಣುತ್ತದಂತೆ. ಎದ್ದು ನೋಡುತ್ತಾಳಂತೆ, ಮಲಗುತ್ತಾಳಂತೆ, ಮತ್ತೆ ಏಳುತ್ತಾಳಂತೆ. ನಾನು ಅದೇ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಡಾಕ್ಟರಮ್ಮ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹೆದರಿದ ಮೈ ಓಡಲು ಸಜ್ಜಾಗುತ್ತದೆ. ಗುಂಡಿಗೆ ದಡಬಡಿಸುತ್ತದೆ, ಎದೆಯ ಮಾಂಸ ಬಿಗಿಯುತ್ತದೆ, ಉಸಿರು ಮೇಲಿಂದ ಮೇಲೆ ಬರುತ್ತದೆ. ಓಡದೆ ತೊಟ್ಟಿಲ ಪಕ್ಕದಲ್ಲೇ ಕುಳಿತರೆ ಆ ಓಟವೆಲ್ಲ ಒಳಗೇ ನಡೆಯುತ್ತದೆ. ಉಸಿರು ಹೆಚ್ಚಾಗಿ ಆಡಿದಷ್ಟೂ ಸಾಲದು ಎನ್ನಿಸುತ್ತದೆ, ಬೆರಳು ಸೆಟೆಯುತ್ತವೆ. “ಹಂಗಾರೆ ನೋವು ಸುಳ್ಳಾ?” ಎಂದೆ. “ನೋವು ನಿಜ ಕಣಜ್ಜೀ. ನಿಮ್ಮ ಮಂಡಿನೋವಿನಷ್ಟೇ ನಿಜ. ಹುಟ್ಟಿದ ಜಾಗ ಬೇರೆ,” ಎಂದಳು. ಗಾಯವಿಲ್ಲದೆ ನೋವು! ಎಪ್ಪತ್ತು ದಾಟಿದ ನನಗೆ ಇದು ಗೊತ್ತಿರಲಿಲ್ಲ. ಆಮೇಲೆ ಅವಳು ಹೇಳಿದ ಮಾತಿಗೆ ನಾನು ಅಲ್ಲೇ ನೆಲ ಹಿಡಿದು ಕುಳಿತೆ. ನಿಮ್ಮ ಕಾಲದಲ್ಲೂ ಹೀಗಾಗುತ್ತಿತ್ತಂತೆ! ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿಬರುತ್ತಿದ್ದರಂತೆ, ಯಂತ್ರ ಏನೂ ಇಲ್ಲ ಎನ್ನುತ್ತಿತ್ತಂತೆ, ಅವರು ನಾಚಿಕೊಂಡು ಮನೆಗೆ ಹೋಗುತ್ತಿದ್ದರಂತೆ. ಆಕಾಶದ ತುಂಬ ಗಾಳಿ ಬಿಟ್ಟಿಯಾಗಿ ಬೀಸುತ್ತಿದ್ದ ಕಾಲದಲ್ಲಿ! ನಿಮಗೇನಪ್ಪಾ ಕೊರತೆಯಾಗಿತ್ತು ಎಂದು ಕೇಳಬೇಕೆನ್ನಿಸಿತು. ಆಮೇಲೆ, ನಿಮ್ಮ ಮನೆಗಳಲ್ಲೂ ನನಗೆ ಕಾಣದ ದೀಪವೊಂದು ಇದ್ದಿರಬೇಕು, ಅದನ್ನು ಯಾರೋ ನಿದ್ದೆಗೆಟ್ಟು ಕಾಯುತ್ತಿರಬೇಕು ಎಂದುಕೊಂಡೆ.

ಹಗ್ಗ ಕತ್ತರಿಸುವ ದಿನ ನಮ್ಮ ಮನೆಯಲ್ಲಿ ಊರು ಸೇರಿತು. ನಾನು ಎದ್ದು ನಿಂತು ಕೇಳಿದೆ: “ಹೋದ ವರ್ಷ ಕೊಳವೆ ಸಿಡಿದಾಗ ನಿಮ್ಮಲ್ಲಿ ಎಷ್ಟು ಜನ ಗಂಡಸ್ರು ಪಂಚೆ ಒದ್ದೆ ಮಾಡ್ಕೊಂಡ್ರಿ? ಭಯಕ್ಕೆ ಉಚ್ಚೆ ಬತ್ತದೆ ಅಂದ್ರೆ ನಂಬ್ತೀರ. ಬೆವ್ರು ಬತ್ತದೆ ಅಂದ್ರೆ ನಂಬ್ತೀರ. ಎದೆನೋವು ಬತ್ತದೆ ಅಂದ್ರೆ ನನ್ನ ಕೂಸು ಸುಳ್ಳಿಯಾ?” ನಕ್ಕರು, ತಲೆ ತಗ್ಗಿಸಿದರು. ತಿಮ್ಮರಾಯಪ್ಪ ನಗಲಿಲ್ಲ. “ಅಕ್ಕಾ, ಅವಳು ಸುಳ್ಳಿ ಅಂತ ನಾನಂದಿಲ್ಲ. ಆದ್ರೆ ನಾಳೆ ನಿಜವಾಗ್ಲೂ ಗಾಳಿ ಕೆಟ್ಟಾಗ, ‘ಅಯ್ಯೋ ಆ ಮನೆ ಗಂಟೆ ತಾನೆ’ ಅಂತ ಒಬ್ಬ ಒಳಗೇ ಕುಂತ್ರೆ? ಆ ಹೆಣಕ್ಕೆ ಯಾರು ಜವಾಬು?” ಎಂದ. ಹಗ್ಗ ಕತ್ತರಿಸಿದರು. ತುಂಡು ನೆಲಕ್ಕೆ ಬಿದ್ದಾಗ ಗಂಗರತ್ನ ಕೂಸನ್ನು ಎದೆಗೆ ಒತ್ತಿಕೊಂಡದ್ದನ್ನು ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ.

ಆ ಗೋಡೆಯಲ್ಲಿ ಕಲ್ಲು ಅಲುಗಾಡುತ್ತಿತ್ತು. ನಾನೇ ಒಡೆಸಿದ ತೂತು. ಕಲ್ಲು ಆಚೆಗೆ ಸರಿದು, ಒಂದು ಹಿಟ್ಟಿನ ಕೈ ಒಳಗೆ ಬಂತು, ಕೈಯಲ್ಲಿ ಒಂದು ಸಣ್ಣ ದಾರ. ಅದರ ಆಚೆಯ ತುದಿಗೆ ಚಿಕ್ಕಪಾಪಮ್ಮ ತನ್ನ ಒಲೆಯ ಮೇಲೆ ಹಳೆಯ ಹಸುವಿನ ಕೊರಳಗಂಟೆಯೊಂದನ್ನು ಕಟ್ಟಿದ್ದಳು. ಹಸುವನ್ನು ಅವಳೂ ನೋಡಿಲ್ಲ, ನಾನೂ ನೋಡಿಲ್ಲ. “ಏ ಗಂಗೀ, ಉಸ್ರು ಸಿಗ್ದಿದ್ರೆ ಇದ್ನ ಎಳಿ. ಊರು ಬರಲ್ಲ, ನಾನು ಬತ್ತೀನಿ. ದೀಪ ಕುಗ್ಗಿದ್ರೆ ದೊಡ್ಡ ಗಂಟೆ ನಾನೇ ಎಳೀತೀನಿ,” ಎಂದಳು. ಮತ್ತೆ ದನಿ ಇಳಿಸಿ: “ನನ್ನ ದೊಡ್ಡ ಮಗ ಹುಟ್ದಾಗ ನಂಗೂ ಹಿಂಗೇ ಆಗಿತ್ತು ಕಣೆ. ಎಳೆಯೋಕೆ ಧೈರ್ಯ ಬರ್ಲಿಲ್ಲ.” ಇಷ್ಟು ವರ್ಷ ನಾನು ಜಗಳವಾಡಿದ್ದು ಯಾರ ಜೊತೆ ಎಂದು ನನಗೇ ಗೊತ್ತಿರಲಿಲ್ಲ.

ಈಗ ದೀಪವನ್ನು ಚಿಕ್ಕಪಾಪಮ್ಮನೂ ಸೇರಿ ಮೂವರೂ ಸರದಿಯಲ್ಲಿ ಕಾಯುತ್ತೇವೆ. ಗಂಗರತ್ನ ನಿದ್ದೆ ಮಾಡುತ್ತಾಳೆ. ಡಾಕ್ಟರಮ್ಮ ಬಂದು ಅವಳನ್ನು ಮಾತಾಡಿಸುತ್ತಾಳೆ, ಔಷಧಿಯನ್ನೂ ಕೊಟ್ಟಿದ್ದಾಳೆ. ಪೂರ್ತಿ ಹೋಗಿಲ್ಲ. ದಾರ ಎಳೆಯುವುದು ಕಡಿಮೆಯಾಗಿದೆ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನೋಡಿಸದೆಯೇ ‘ಭಯ’ ಎಂದು ಮೂಲೆಗೆ ತಳ್ಳಿದರೆ ನಿಜವಾದ ಗುಂಡಿಗೆಯ ರೋಗದವರು ಸಾಯುತ್ತಾರೆ. ಎಲ್ಲ ನೋಡಿಸಿ, ಏನೂ ಇಲ್ಲ ಎಂದು ಹೇಳಿದ ಮೇಲೂ ಅವರಿಗೆ ಉಸಿರು ಸಿಗದಿದ್ದರೆ ನಾಟಕ ಎನ್ನಬೇಡಿ. ಪಕ್ಕದಲ್ಲಿ ಕುಳಿತು, ಕೂಸು ಎಲ್ಲಿದೆ ಎಂದು ಕೇಳಿ. ಕೂಸಿಲ್ಲದವರಿಗೂ ಒಂದು ಕೂಸು ಇರುತ್ತದೆ. ಹಾಗೆಯೇ ಯಾರ ಮನೆಯ ಹಗ್ಗವನ್ನೂ ಕತ್ತರಿಸಬೇಡಿ. ಕತ್ತರಿಸಲೇಬೇಕಾಗಿ ಬಂದರೆ ಗೋಡೆಯಲ್ಲಿ ಒಂದು ತೂತನ್ನಾದರೂ ಉಳಿಸಿ.

ಇನ್ನೂ ಬರೆಯುವುದಿತ್ತು. ನಾನೀಗ ಹೊಸ್ತಿಲಲ್ಲಿ ಕುಳಿತಿದ್ದೇನೆ, ಆಚೆ ಮನೆಯ ಒಲೆಯ ಮೇಲೆ ಹಸುವಿನ ಗಂಟೆ ಕಣಕಣ ಎನ್ನುತ್ತಿದೆ. ದೀಪ ನೆಟ್ಟಗಿದೆ, ನೋಡಿದೆ. ಚಿಕ್ಕಪಾಪಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಾಳೆ. ದಾರಿ ಬಿಡಬೇಕು, ಏಳುತ್ತೇನೆ.