ಬಾಗಿಲ ಹಿಂದಿನ ಹೆಂಗಸು

ಬೈಂಡಿಂಗ್ ಕೋಣೆಯಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆಗೆ ಕೆಮ್ಮು ಬಿಟ್ಟಿತೇ? ಇಲ್ಲಿ ನಾನೂ ಅಮ್ಮನೂ ಆರೋಗ್ಯ. ಅವಳ ಕಣ್ಣು ಮಸುಕಾಗಿದೆ, ಕೈ ಮಾತ್ರ ಇನ್ನೂ ಚುರುಕು. ನಾನು ಹದಿನಾರು ಪುಟದ ಒಂದು ಫಾರಂ ಹೊಲಿಯುವಷ್ಟರಲ್ಲಿ ಮೂರು ಮಡಿಸಿಟ್ಟಿರುತ್ತಾಳೆ.

ಅಪ್ಪನ ಕಾದಂಬರಿಯ ಮೇಲೆ ನೀನು ಸಂಪಾದಿಸಿದ ವಿಮರ್ಶೆಗಳ ಪುಸ್ತಕ ನಮ್ಮ ಮೇಜಿಗೇ ಬಂತು, ಐನೂರು ಪ್ರತಿ. ಹಳೆಯ ದಾರಿ ಬಿಟ್ಟು ಬರೆದ ಮೊದಲ ಕಾದಂಬರಿ ಅದೆಂದು ದೊಡ್ಡವರೆಲ್ಲ ಹೇಳುತ್ತಾರೆ. ಅದನ್ನು ಬರೆಯುವಾಗ ಪಾತ್ರೆ ಸದ್ದಾಗಬಾರದೆಂದು ಅಪ್ಪ ಅಮ್ಮನನ್ನು ದಿನವೂ ಉಗ್ರಾಣದಲ್ಲಿ ಕೂಡಿಹಾಕುತ್ತಿದ್ದರು. ಹೊರಗಿನಿಂದ ಚಿಲಕ ಹಾಕುವುದು ನಿನ್ನ ಕೆಲಸ. ಕೈಗೆಟುಕದೆ ಸ್ಟೂಲು ಹತ್ತುತ್ತಿದ್ದೆಯಂತೆ. ನಾನಿನ್ನೂ ಹುಟ್ಟಿರಲಿಲ್ಲ. ಕಾದಂಬರಿಯಲ್ಲೂ ಬಾಗಿಲ ಹಿಂದೆ ಒಬ್ಬ ಹೆಂಗಸಿದ್ದಾಳೆ, ಒಮ್ಮೆಯೂ ಬಾಯಿ ಬಿಡುವುದಿಲ್ಲ. ಅವಳು ಸಾವು ಎಂದು ಒಬ್ಬ ವಿಮರ್ಶಕರು, ನಾಯಕನ ಮನಸ್ಸಾಕ್ಷಿ ಎಂದು ಇನ್ನೊಬ್ಬರು, ಅಂಥ ಹೆಂಗಸೇ ಇಲ್ಲ, ಬರೀ ಭ್ರಮೆ ಎಂದು ಮತ್ತೊಬ್ಬರು. ಓದಿ ಹೇಳಿದರೆ ಅಮ್ಮ ನಕ್ಕಳು. "ನೋಡು, ಇಲ್ಲದೇ ಇದ್ದೂ ಎಷ್ಟು ಜನಕ್ಕೆ ಕೆಲಸ ಕೊಟ್ಟಿದ್ದೀನಿ."

ನಿನ್ನ ಅಧ್ಯಾಯಕ್ಕೆ ನಗಲಿಲ್ಲ. ಚಿಲಕ ಇದ್ದದ್ದು ಒಳಗಡೆ, ಮೌನವನ್ನು ಅವಳೇ ಆರಿಸಿಕೊಂಡಳು, ಬೇಕೆಂದರೆ ಹೊರಬರಬಹುದಿತ್ತು ಎಂದು ಬರೆದಿದ್ದೀಯ. ನಾಲ್ಕನೇ ತರಗತಿಯ ಓದು ನನ್ನದು, ತಪ್ಪಿದೆನೇನೋ ಎಂದು ಎರಡು ಸಲ ಓದಿದೆ. ಅಮ್ಮ ಮಡಿಸುವುದನ್ನು ನಿಲ್ಲಿಸಿದಳು. "ನಾನು ಬಾಗಿಲು ಬಡಿದಿದ್ರೆ ನಿಮ್ಮಪ್ಪನ ಏಟು ನಿಮ್ಮಣ್ಣನ ಬೆನ್ನಿಗೆ ಬೀಳ್ತಿತ್ತು. ಅದಕ್ಕೇ ಸುಮ್ಮನಿದ್ದೆ. ಇದು ಪುಸ್ತಕವಾಗಿ ಹೊರಗೆ ಹೋಗಬಾರದು ಅಂತ ಅವನಿಗೆ ಬರಿ."

ಅಂಜುತ್ತಲೇ ಬರೆದೆ. "ನೀನು ಹೊಲಿ, ಅರ್ಥ ನನಗೆ ಬಿಡು" ಎಂದು ನೀನು ಉತ್ತರ ಹಾಕಿದೆ. ಹೊಲಿದೆ ಅಣ್ಣಾ. ಪುಸ್ತಕಗಳು ಇಂದು ಹೊರಟವು. ನಾಡಿದ್ದಿನ ಬಿಡುಗಡೆ ಸಮಾರಂಭಕ್ಕೆ ಸರಿಯಾಗಿ ತಲುಪುತ್ತವೆ. ಮುಂದಿನ ಸಾಲಿನಲ್ಲಿ ಅಮ್ಮನಿಗೆ ಕುರ್ಚಿ ಹಾಕಿಸುತ್ತೇನೆ ಅಂದಿದ್ದೆಯಲ್ಲ, ಬೇಡವಂತೆ.

ಅತ್ತಿಗೆಗೆ ನನ್ನ ನೆನಪು ಹೇಳು. ಅಮ್ಮನ ಬಳಿ ಆಶೀರ್ವಾದ ಕೇಳಿದೆ. ನಿನ್ನ ಮಕ್ಕಳಿಗೆ ಕೊಟ್ಟಳು.

ನಿನ್ನ ತಂಗಿ

ತಾ.ಕ.: ತೊಂಬತ್ತಾರನೇ ಪುಟವಾದ ಮೇಲೆ ನೂರಹದಿಮೂರು ಬರುತ್ತದೆ. ನಿನ್ನ ಅಧ್ಯಾಯವಿದ್ದ ಏಳನೇ ಫಾರಮ್ಮನ್ನು ಅಮ್ಮ ಮಡಿಸಲಿಲ್ಲ, ಒಂದು ಪ್ರತಿಗೂ. ಆ ಹಾಳೆಗಳನ್ನು ಅಂಟು ಕಾಯಿಸಲು ಉರಿಸಿದೆವು. ಅಲ್ಲೇನಿತ್ತೆಂದು ಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ನೀನೇ ಹೇಳಬೇಕು. ನಮ್ಮನ್ನು ಯಾರೂ ಕೇಳುವುದಿಲ್ಲ.